ವಿಯೆಟ್ನಾಮಿನ ಅಡುಗೆಮನೆಗೆ ಹೋದ ಬೆನ್ನು

ಸಾಗರ

ವಿಯೆಟ್ನಾಮಿಗೆ ಹೋಗಿ ಬಂದವರನ್ನು ಜನ ಅಲ್ಲಿ ಏನೇನು ನೋಡಿದಿರಿ, ಹಾವು ತಿನ್ನುತ್ತಾರಂತೆ ಹೌದಾ, ಎಂದು ಕೇಳುತ್ತಾರೆ. ನನ್ನನ್ನು ಮಾತ್ರ ಸಾಗರದ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಬೆನ್ನು ಹೇಗಿತ್ತು? ತರಕಾರಿ ಅಂಗಡಿಯವನೂ ಕೇಳಿದ, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳೂ ಕೇಳಿದಳು. ನನ್ನ ಬೆನ್ನು ಊರಿನ ಆಸ್ತಿಯಾಗಿಬಿಟ್ಟಿದೆ. ಎಲ್ಲರಿಗೂ ಒಂದೇ ಸಲ ಹೇಳಿ ಮುಗಿಸೋಣವೆಂದು ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಎನ್ನುವುದನ್ನು ದಯವಿಟ್ಟು ಗಮನಿಸಿ.

ನಾನು ಮದುವೆ ಮುಂಜಿಗಳಿಗೆ ಅಡುಗೆ ಮಾಡುವವಳು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕಿನಲ್ಲಿ ನಾನು ಹೋಳಿಗೆ ಬೇಯಿಸದ ಛತ್ರ ಕಡಿಮೆ. ನಮ್ಮನೆಯವರು ಗೂಡ್ಸ್ ಆಟೋದಲ್ಲಿ ಪಾತ್ರೆ ಸಾಗಿಸುತ್ತಾರೆ. ನಾದಿನಿ ಮಾಲತಿ ನನ್ನ ಜೊತೆ ಒಲೆಯ ಮುಂದೆ ನಿಲ್ಲುತ್ತಾಳೆ. ಗಂಡಸರು ಎತ್ತುವ ಕೊಪ್ಪರಿಗೆಯನ್ನು ನಾನೂ ಎತ್ತಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಒಂದು ದಿನ ಸೊಂಟದ ಡಿಸ್ಕ್ ಜಾರಿ ಆ ಜಂಬ ಇಳಿಯಿತು. ಆಪರೇಷನ್ ಆಯಿತು.

ಆಪರೇಷನ್ ಮಾಡಿದ ಡಾಕ್ಟರು ಒಳ್ಳೆಯವರೇ, ಕೆಲಸವೂ ಸರಿಯಾಗಿಯೇ ಆಗಿತ್ತಂತೆ. ಸ್ಕ್ಯಾನ್ ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಚೆನ್ನಾಗಿಲ್ಲದವಳು ನಾನೊಬ್ಬಳೇ. ಎಡ ಸೊಂಟದಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡ ದಾಟಿ ಕಾಲಿನ ಹೆಬ್ಬೆರಳಿನವರೆಗೆ ಕರೆಂಟು ಹರಿಯುವುದು ನಿಲ್ಲಲೇ ಇಲ್ಲ. ಒಲೆಯ ಮುಂದೆ ನಿಂತರೆ ಕಾಲಿನೊಳಗೆ ಇನ್ನೊಂದು ಒಲೆ. ಎಣ್ಣೆ ತಿಕ್ಕಿಸಿದೆ, ಉಳುಕು ತೆಗೆಸಿದೆ, ಕಷಾಯ ಕುಡಿದೆ. ಎರಡು ವರ್ಷ ಹೀಗೇ ಕಳೆಯಿತು. ಮೊದಮೊದಲು ಪಾಪ ಎನ್ನುತ್ತಿದ್ದ ನೆಂಟರು ನಿಧಾನಕ್ಕೆ 'ಅವಳು ಮನಸ್ಸಿಗೆ ಹಚ್ಕಂಡಿದಾಳೆ ಅಷ್ಟೆ' ಎನ್ನತೊಡಗಿದರು. ನೋವಿಗಿಂತ ಆ ಮಾತು ಹೆಚ್ಚು ಉರಿಯುತ್ತಿತ್ತು.

ಕೊನೆಗೆ ಮಂಗಳೂರಿನಲ್ಲಿ ನೋವಿಗೆಂದೇ ಇರುವ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಸ್ಕ್ಯಾನ್ ಪಕ್ಕಕ್ಕಿಟ್ಟು ಮೊದಲು ನನ್ನ ಮಾತು ಕೇಳಿದರು. "ಡಿಸ್ಕ್ ಸರಿಯಾಗಿದೆಯಮ್ಮ. ಆದ್ರೆ ಆಪರೇಷನ್ ಆದ ಜಾಗದಲ್ಲಿ ನರದ ಸುತ್ತ ಗಾಯದ ಕಲೆ ಕಟ್ಕೊಂಡಿರೋ ಹಾಗೆ ಕಾಣುತ್ತೆ. ನರ ಇನ್ನೂ ಹಳೇ ದೂರನ್ನೇ ಹೇಳ್ತಾ ಇದೆ" ಅಂದರು. ಮೊದಲು ಒಂದು ಪರೀಕ್ಷೆಯ ಇಂಜೆಕ್ಷನ್ ಕೊಟ್ಟು, ದೂರು ಹೇಳುತ್ತಿರುವ ನರ ಯಾವುದೆಂದು ಹಿಡಿದರು. ಆಮೇಲೊಂದು ದಿನ ಮತ್ತೆ ಕರೆಸಿ, ಸಪೂರ ಸೂಜಿ ತೂರಿಸಿ ಅದರ ತುದಿಯಿಂದ ಆ ನರದ ಬುಡಕ್ಕೆ ರೇಡಿಯೋ ಅಲೆಯ ಸಣ್ಣ ಕರೆಂಟು ಬಿಟ್ಟರು. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಬೆಳಿಗ್ಗೆ ಹೋದವಳು ಸಂಜೆ ಮನೆಯ ದಾರಿ ಹಿಡಿದಿದ್ದೆ.

ಆದರೆ ನಾನು ಮರೆಯದಿರುವುದು ಸೂಜಿಯನ್ನಲ್ಲ. ಎಚ್ಚರವಾಗಿಯೇ ಬೋರಲು ಮಲಗಿದ್ದೆ. ಸೂಜಿ ಒಳಗಿಟ್ಟು ಡಾಕ್ಟರು ಕೇಳಿದರು, "ಎಲ್ಲಿ ಜುಮ್ಮೆನ್ನುತ್ತೆ?" ಸೊಂಟದಲ್ಲಿ ಅಂದೆ. ಸೂಜಿಯನ್ನು ಕೂದಲೆಳೆಯಷ್ಟು ಸರಿಸಿದರು. "ಈಗ?" ತೊಡೆಗೆ ಬಂತು ಅಂದೆ. ಮತ್ತೆ ಸರಿಸಿದರು. ಥಟ್ಟನೆ ನನ್ನ ಹಳೆಯ ದಾರಿಯಲ್ಲೇ, ಹೆಬ್ಬೆರಳಿನವರೆಗೆ ಜುಮ್ಮೆಂದಿತು.

"ಇದೇನಾ ನಿಮ್ಮ ನೋವು?"

"ಇದೇ ಡಾಕ್ಟ್ರೆ."

"ಹಾಗಾದ್ರೆ ಇದೇ ಜಾಗ" ಎಂದು ಮುಂದುವರಿದರು.

ನಾನು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ನೋಯುತ್ತಿದೆಯಾ ಎಂದು ನರ್ಸ್ ಗಾಬರಿಯಾದಳು. ನೋವಿಗಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಎರಡು ವರ್ಷದಲ್ಲಿ ನನ್ನ ಮಾತನ್ನೇ ನಂಬಿ ಕೆಲಸ ಮುಂದುವರಿಸಿದ ಮೊದಲ ಮನುಷ್ಯ ಅವರು.

ಕೆಲವು ವಾರಗಳಲ್ಲಿ ಕಾಲಿನ ಒಲೆ ಆರಿತು. ಡಾಕ್ಟರು ಮಾತ್ರ ಭರವಸೆಯನ್ನು ಅಳೆದು ಕೊಟ್ಟಿದ್ದರು. ಕೆಲವರಿಗೆ ಕೆಲವೇ ತಿಂಗಳು ಹಿತವಾಗಿರುತ್ತದೆ, ಕೆಲವರಿಗೆ ಹೆಚ್ಚು ಕಾಲ, ಮರಳಿ ಬಂದರೆ ಇನ್ನೊಮ್ಮೆ ಮಾಡಬಹುದು, ದಿನಾ ನಡೆಯಬೇಕು, ವ್ಯಾಯಾಮ ಬಿಡಬಾರದು, ಭಾರ ಎತ್ತಲೇಬಾರದು. ಹಾಗಾಗಿ ನೋವು ಹೋಯಿತೆಂಬ ಖುಷಿಗಿಂತ ಯಾವಾಗ ಬಂದೀತೋ ಎಂಬ ಕಾಯುವಿಕೆಯೇ ಜಾಸ್ತಿಯಾಯಿತು.

ಅಷ್ಟರಲ್ಲಿ ಹೊಸನಗರದ ಶ್ರೀಧರ ಬಂದ. ಅವನು ಜನರನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ಯುವವನು, ಜೊತೆಗೆ ಅಡುಗೆಯವರನ್ನೂ ಕರೆದೊಯ್ಯುತ್ತಾನೆ. ನಮ್ಮ ಕಡೆಯವರು ದೇಶ ಬಿಟ್ಟರೂ ಸಾರು ಬಿಡುವವರಲ್ಲ. "ಅಕ್ಕಾ, ವಿಯೆಟ್ನಾಮಿಗೆ ಬರ್ತೀರಾ? ಮೂವತ್ತು ಜನಕ್ಕೆ ಅಡುಗೆ. ಪಾತ್ರೆ ಎತ್ತಕ್ಕೆ ನಾನಿದೀನಿ, ಮಾಲತಕ್ಕ ಇದಾರೆ. ನೀವು ಸೌಟು ಹಿಡಿದು ನಿಂತ್ರೆ ಸಾಕು" ಅಂದ.

ಆ ಹೊತ್ತಿಗೆ ನನ್ನ ಮುಂದೆ ಇನ್ನೆರಡು ಮಾತು ಇತ್ಯರ್ಥಕ್ಕೆ ಕಾಯುತ್ತಿದ್ದವು. ಹೊಸನಗರದ ಒಂದು ದೊಡ್ಡ ಮನೆಯವರು ಬರುವ ಮಾಘದ ಮದುವೆಗೆ ನೀವೇ ಆಗಬೇಕು ಎಂದು ಕೂತಿದ್ದರು. ತೀರ್ಥಹಳ್ಳಿಯ ಒಬ್ಬರು ನನ್ನ ಪಾತ್ರೆಗಳನ್ನೆಲ್ಲ ಕೊಳ್ಳುತ್ತೇನೆ ಎಂದು ಕೇಳಿದ್ದರು. ನಾನು ಮನಸ್ಸಿನಲ್ಲೇ ಗೆರೆ ಎಳೆದೆ. ಈ ಪ್ರವಾಸದಲ್ಲಿ ಕಾಲಿಗೆ ಆ ಕರೆಂಟು ಮರಳಿ ಬಂದರೆ ಪಾತ್ರೆ ಕೊಟ್ಟು ಅಡುಗೆ ಬಿಟ್ಟುಬಿಡುವುದು. ಬರದಿದ್ದರೆ ಮದುವೆ ಒಪ್ಪಿಕೊಳ್ಳುವುದು. ಮಾಲತಿಗೂ ಹೇಳಿದೆ. ನಾನು ಬಿಟ್ಟರೆ ಅವಳ ಕೆಲಸವೂ ಹೋಗುತ್ತದೆ.

ಬೆಂಗಳೂರು ವಿಮಾನ ನಿಲ್ದಾಣ

ಶ್ರೀಧರ ಒಳ್ಳೆಯ ಮನಸ್ಸಿನಿಂದ ನನಗೊಂದು ಗಾಲಿಕುರ್ಚಿ ಹೇಳಿಟ್ಟಿದ್ದ. ಅದನ್ನು ತಳ್ಳಿಕೊಂಡು ಬಂದ ಹುಡುಗಿ ನನ್ನ ಹೆಸರು ಕೂಗಿದಾಗ ಸಿಟ್ಟು ನೆತ್ತಿಗೇರಿತು. ಮೂವತ್ತು ಜನಕ್ಕೆ ಅನ್ನ ಬೇಯಿಸಲು ಹೊರಟವಳು ಗಾಲಿಕುರ್ಚಿಯಲ್ಲಿ ಕೂತು ಹೋದರೆ ಆ ಅನ್ನವನ್ನು ಯಾರು ನಂಬಿ ಉಣ್ಣುತ್ತಾರೆ? ನಾನು ಒಲ್ಲೆ ಅಂದೆ. ನಮ್ಮ ಜೊತೆ ಪ್ರವಾಸಕ್ಕೆ ಹೊರಟಿದ್ದ ನಾಗೇಶ ಗೌಡರ ಹೆಂಡತಿ ಲೀಲಮ್ಮ, "ಸುಮ್ನೆ ಯಾಕೆ ಹಾಳು ಮಾಡದು" ಎಂದು ಕೂತೇಬಿಟ್ಟರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ.

ತಪಾಸಣೆಯ ಬಾಗಿಲಿನ ಹತ್ತಿರ ಇನ್ನೊಂದು ತಮಾಷೆ. "ವಿಶಾಲಮ್ಮ, ನಿಮ್ ಬೆನ್ನಿಗೆ ತಂತಿಗಿಂತಿ ಹಾಕಿದಾರಾ? ಕುಂಯ್ ಅಂತದೆ ನೋಡಿ" ಎಂದು ನಾಗೇಶ ಗೌಡರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ತಂತಿ ಒಳಗಿಟ್ಟು ನೋವು ತಗ್ಗಿಸುವ ಚಿಕಿತ್ಸೆಯೂ ಇದೆಯೆಂದು ಡಾಕ್ಟರು ಹೇಳಿದ್ದರು. ನನಗೆ ಅಷ್ಟರವರೆಗೆ ಹೋಗಬೇಕಾಗಿರಲಿಲ್ಲ. ಆದರೂ ನಮ್ಮ ಇಡೀ ಗುಂಪು ನಿಂತು ನನ್ನ ಬೆನ್ನನ್ನೇ ನೋಡಿತು. ನಾನು ಬಾಗಿಲು ದಾಟಿದೆ, ಸದ್ದಿಲ್ಲ. ಹಿಂದಿನಿಂದ ಗೌಡರು ಬಂದರು, ಬಾಗಿಲು ಹೊಯ್ಕೊಂಡಿತು. ಅಂಗಿ ಎತ್ತಿಸಿ ನೋಡಿದರೆ ಬೆಳ್ಳಿಯ ಉಡಿದಾರ. ಆಮೇಲೆ ಪ್ರವಾಸ ಮುಗಿಯುವವರೆಗೆ ಅವರು ನನ್ನ ಬೆನ್ನಿನ ಸುದ್ದಿಗೆ ಬರಲಿಲ್ಲ, ಬಂದರೂ ಮೆತ್ತಗೆ ಬಂದರು.

ವಿಮಾನದಲ್ಲಿ ಒಂದೇ ಸಮನೆ ಕೂರಬಾರದು ಎಂದು ಡಾಕ್ಟರ ಅಪ್ಪಣೆಯಿತ್ತು. ಹಾಗಾಗಿ ಹಿಂದೆ ಕಕ್ಕಸಿನ ಪಕ್ಕ ನಿಂತು ಕಾಲು ಚಾಚುವುದು, ಮಡಚುವುದು ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ನನ್ನ ಹಿಂದೆ ಏಳೆಂಟು ಜನ ಸಾಲು ನಿಂತಿದ್ದಾರೆ. ನಾನು ಪಾಳಿಗೆ ನಿಂತಿದ್ದೇನೆ ಅಂದುಕೊಂಡಿದ್ದರು. ಒಳಗೆ ಯಾರೂ ಇರಲೇ ಇಲ್ಲ.

ಹನೋಯ್

ಹನೋಯಿನಲ್ಲಿ ಮನುಷ್ಯರಿಗಿಂತ ಮೋಟಾರ್ ಸೈಕಲ್ಲು ಹೆಚ್ಚು. ಗಾಡಿಯ ಮೇಲೆ ಹೆಂಡತಿ, ಮಕ್ಕಳು, ಕಪಾಟು, ಕಿತ್ತಳೆ ಗಿಡ, ಎಲ್ಲ ಹೋಗುತ್ತವೆ. ರಸ್ತೆ ದಾಟುವುದು ಹೇಗೆಂದು ನಾವು ನಿಂತೇ ಇದ್ದೆವು. ನಮ್ಮ ಗೈಡ್ ತುವಾನ್ ಎಂಬುವವನು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶ್ರೀಧರ ಕನ್ನಡ ಮಾಡಿದ: "ಓಡಬೇಡಿ, ನಿಲ್ಲಬೇಡಿ, ಹಿಂದೆ ಬರಬೇಡಿ. ನಿಧಾನಕ್ಕೆ ನಡೀತಾ ಇರಿ. ಅವರೇ ನಿಮ್ಮನ್ನ ಬಳಸ್ಕಂಡು ಹೋಗ್ತಾರೆ."

ನಮ್ಮಲ್ಲಿ ರಸ್ತೆ ದಾಟುವವರು ಗಾಡಿ ನೋಡಬೇಕು. ಅಲ್ಲಿ ಗಾಡಿಯವರೇ ದಾಟುವವರನ್ನು ನೋಡುತ್ತಾರೆ. ಕೇಳಲು ಚೆಂದ, ಆದರೆ ನನ್ನ ಕಾಲಿನ ಮೇಲೆ ನನಗೇ ನಂಬಿಕೆಯಿಲ್ಲ. ಸಾಗರದ ಪೇಟೆಯಲ್ಲೇ ನಡುರಸ್ತೆಯಲ್ಲಿ ಕಾಲಿಗೆ ಕರೆಂಟು ಹೊಡೆದು ನಾನು ಕಂಬದ ಹಾಗೆ ನಿಂತದ್ದುಂಟು, ಬಸ್ಸಿನವನು ಬೈದದ್ದುಂಟು. ಇಲ್ಲಿ ನಿಂತರೆ ಕತೆ ಮುಗಿಯಿತು. ಮಾಲತಿ ನನ್ನ ಸೆರಗು ಹಿಡಿದಳು. ನಾನು ದೇವರ ಮೇಲೆ ಭಾರ ಹಾಕಿ ಹೆಜ್ಜೆ ಇಟ್ಟೆ. ಎರಡೂ ಕಡೆಯಿಂದ ಗಾಡಿಗಳು ಬಂದವು, ಸವರಿಕೊಂಡು ಹೋದವು. ಆಚೆ ದಡ ಮುಟ್ಟಿ ನೋಡಿದರೆ ಕಾಲು ನನ್ನ ಮಾತು ಕೇಳಿತ್ತು. ಮಾಲತಿ ಕಣ್ಣು ಮುಚ್ಚಿಕೊಂಡೇ ದಾಟಿದ್ದಳು.

ಅಲ್ಲಿಯ ಜನ ಫುಟ್‌ಪಾತಿನ ಮೇಲೆ ನಮ್ಮ ಊಟದ ಮಣೆಗಿಂತ ಸ್ವಲ್ಪ ಎತ್ತರದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಕೋಟು ಹಾಕಿದ ಆಫೀಸಿನವರೂ ಮೊಣಕಾಲು ಕಿವಿಗೆ ತಾಗುವ ಹಾಗೆ ಕೂತಿರುತ್ತಾರೆ. ನಾನು ಡಾಕ್ಟರು ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು, ಮಂಡಿಯಲ್ಲಿ ಬಾಗಿ ಕೂತೆ, ಹಾಗೆಯೇ ಎದ್ದೆ. ನಾಗೇಶ ಗೌಡರು ಕೂತರು, ಏಳಲಿಲ್ಲ. ಇಬ್ಬರು ಸೇರಿ ಎಬ್ಬಿಸಿದಾಗ ಸ್ಟೂಲೂ ಅವರ ಜೊತೆಗೇ ಬಂತು. ಅಂಗಡಿಯ ಅಜ್ಜಿ ಹಲ್ಲು ತೋರಿಸಿ ನಕ್ಕಳು. ವೀಳ್ಯ ಜಗಿದು ಜಗಿದು ಅವಳ ಹಲ್ಲು ಕಪ್ಪಾಗಿದ್ದವು. ಬಾಯಲ್ಲಿ ಕವಳ ತುಂಬಿಕೊಂಡೇ ಲೆಕ್ಕ ಹೇಳುವ ಅವಳ ಗತ್ತು ಕಂಡು ನಮ್ಮ ಕಡೆಯ ಅಜ್ಜಿಯರೇ ನೆನಪಾದರು.

ನಿನ್ ಬಿನ್: ಅಡುಗೆಮನೆ

ಹನೋಯಿನ ದಕ್ಷಿಣಕ್ಕೆ ನಿನ್ ಬಿನ್ ಎಂಬ ಊರು. ಗದ್ದೆಯ ನಡುವೆ ಥಟ್ಟನೆ ಎದ್ದ ಕಲ್ಲುಗುಡ್ಡಗಳು, ಅವುಗಳ ಬುಡದಲ್ಲಿ ನಾವು ಉಳಿದ ಮನೆ. ಮನೆಯ ಒಡತಿ ಲಿಯೆನ್, ಹೆಚ್ಚು ಕಡಿಮೆ ನನ್ನದೇ ವಯಸ್ಸು. ತನ್ನ ಅಡುಗೆಮನೆಯ ಅರ್ಧ ನಮಗೆ ಬಿಟ್ಟುಕೊಟ್ಟಳು. ಅವಳು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ತರಕಾರಿ ಹೆಚ್ಚುತ್ತಾಳೆ, ನಾನು ಹಿಂದೆ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತು ಹೆಚ್ಚುತ್ತಿದ್ದ ಹಾಗೆಯೇ. ಈಗ ನಾನು ನಿಂತು ಹೆಚ್ಚಬೇಕು, ಅಲ್ಲಿ ಎತ್ತರದ ಕಟ್ಟೆಯೇ ಇಲ್ಲ. ನಾನು ಸೊಂಟಕ್ಕೆ ಕೈ ಕೊಟ್ಟದ್ದನ್ನು ಅವಳು ನೋಡಿದಳು. ಮೊಬೈಲಿಗೆ ಏನೋ ಹೇಳಿ ನನ್ನ ಮುಖದ ಮುಂದೆ ಹಿಡಿದಳು. ಪರದೆಯ ಮೇಲೆ ಕನ್ನಡ ಅಕ್ಷರ: 'ತಮ್ಮ ಸೊಂಟವು ದುಃಖಿಸುತ್ತಿದೆಯೇ?'

ನಾನು ನಕ್ಕುಬಿಟ್ಟೆ. ಹಿಂದೆ ದುಃಖಿಸುತ್ತಿತ್ತು, ಈಗ ಇಲ್ಲ ಎಂದು ಅದೇ ಮೊಬೈಲಿಗೆ ಹೇಳಿದೆ. ಅದು ಅವಳಿಗೆ ಏನು ಹೇಳಿತೋ ಗೊತ್ತಿಲ್ಲ. ಅವಳು ಹೊರಗೆ ಹೋಗಿ ಎರಡು ಬಿಯರ್ ಕ್ರೇಟು ತಂದು ಬೋರಲು ಪೇರಿಸಿ, ಮೇಲೆ ಹಲಗೆ ಇಟ್ಟು, ನನ್ನ ಎತ್ತರಕ್ಕೆ ಸರಿಯಾಗಿದೆಯೇ ಎಂದು ನೋಡಿ ಹೋದಳು. ಬಿಯರ್ ಕ್ರೇಟಿನ ಮೇಲೆ ನೈವೇದ್ಯದ ಸೌತೆಕಾಯಿ ಹೆಚ್ಚಿದ ಮೊದಲ ಹೆಂಗಸು ನಾನೇ ಇರಬೇಕು.

ಇನ್ನು ನಮ್ಮ ಪದ್ಧತಿಯೊಂದನ್ನು ಹೇಳಬೇಕು. ನೈವೇದ್ಯ ಆಗುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪು ಹಿಡಿದಿದೆಯೋ ಇಲ್ಲವೋ ಎನ್ನುವುದು ಕುದಿಯುವ ವಾಸನೆಯಲ್ಲೇ ತಿಳಿಯಬೇಕು. ನನ್ನ ಅತ್ತೆ ಹಾಗೆ ಕಲಿಸಿದವರು, ಮತ್ತು ಉಪ್ಪಿನಲ್ಲಿ ನಾನು ಯಾವತ್ತೂ ತಪ್ಪಿದವಳಲ್ಲ. ನಾವು ಊರಿಂದ ತಂದ ಉಪ್ಪಿನ ಪ್ಯಾಕೆಟ್ಟು ಹನೋಯಿನಲ್ಲೇ ಒಡೆದು ನೀರಾಗಿತ್ತು. ಲಿಯೆನ್‌ಳ ಕಪಾಟಿನಲ್ಲಿ ಒಂದೇ ಥರದ ಎರಡು ಡಬ್ಬಿ, ಎರಡರಲ್ಲೂ ಬಿಳಿ ಪುಡಿ. ಒಂದರಿಂದ ಧಾರಾಳವಾಗಿ ತೆಗೆದು ಸಾರಿಗೆ ಹಾಕಿದೆ. ವಾಸನೆ ಯಾಕೋ ಸರಿ ಇಲ್ಲ ಅನ್ನಿಸಿತು. ವಿಯೆಟ್ನಾಮಿನ ನೀರೇ ಹೀಗೆ ಅಂದುಕೊಂಡೆ.

ಬಾಳೆಲೆಯ ತುಂಡಿನಲ್ಲಿ ದೇವರಿಗೆ ಇಟ್ಟಾಯಿತು. ದೇವರು ಏನೂ ಹೇಳಲಿಲ್ಲ. ಸಾರಿನ ಪಾತ್ರೆಯನ್ನು ಶ್ರೀಧರ ಜಗಲಿಗೆ ಒಯ್ದ, ಬಡಿಸಿಯೂ ಆಯಿತು. ನಾಗೇಶ ಗೌಡರು ಹೊರಗೆ ಮೀನನ್ನೂ ತಿಂದು ಬಂದು ನನ್ನ ಸಾರನ್ನೂ ಬಿಡದೆ ಉಣ್ಣುವವರು. ಮೊದಲ ತುತ್ತಿಗೇ ಕೈ ನಿಲ್ಲಿಸಿದರು.

"ಎಂತ ವಿಶಾಲಮ್ಮ, ಪಾಯ್ಸ ಮೊದ್ಲೇ ಬಡ್ಸಿಬಿಟ್ರಾ?"

ಇಡೀ ಪಂಕ್ತಿ ತಲೆ ಎತ್ತಿತು. ನಾನು ಒಂದು ಸೌಟು ಕೈಗೆ ಹಾಕಿಕೊಂಡು ನೆಕ್ಕಿದೆ. ಸಕ್ಕರೆ. ಹಿಟ್ಟಿನ ಹಾಗೆ ನುಣ್ಣಗಿದ್ದ ಸಕ್ಕರೆ. ಮದುವೆ ಮನೆಯಲ್ಲಿ ಹೀಗಾಗಿದ್ದರೆ ನಾನು ಹಿತ್ತಲ ಬಾಗಿಲಿಂದ ಓಡಿಹೋಗುತ್ತಿದ್ದೆ. ಓಡಲು ಇಲ್ಲಿ ಊರಿನ ದಾರಿಯೂ ಗೊತ್ತಿಲ್ಲ. ಲಿಯೆನ್ ಬಂದು ತಾನೂ ರುಚಿ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಮೂಲೆಯಲ್ಲಿದ್ದ ಅನಾನಸಿನ ರಾಶಿಯ ಕಡೆ ಕೈ ತೋರಿಸಿದಳು. ಸಿಹಿಯಿದ್ದಲ್ಲಿಗೆ ಹುಳಿ ಹಾಕು ಎನ್ನುವುದು ಅವಳ ಲೆಕ್ಕವಿರಬೇಕು. ನನಗೆ ಬೇರೆಯೇ ಹೊಳೆಯಿತು. ಸಿಹಿ, ಹುಳಿ, ಖಾರ, ಅನಾನಸು ಸೇರಿದರೆ ನಮ್ಮಲ್ಲಿ ಅದಕ್ಕೆ ಮೆಣಸ್ಕಾಯಿ ಎನ್ನುತ್ತಾರೆ, ಮದುವೆಯ ಎಲೆಯಲ್ಲಿ ಎರಡೆರಡು ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಸಾರನ್ನು ಚೆಲ್ಲುವುದು ಬೇಡ, ಮತ್ತೆ ಒಲೆಗೇರಿಸಿದರೆ ಸಾಕು.

ಮಾಲತಿ ಮೊಸರು ಅನ್ನ ಬಡಿಸಿ ಜನರನ್ನು ಸಮಾಧಾನ ಮಾಡುತ್ತಿದ್ದಳು. ಶ್ರೀಧರ ನಿಜವಾದ ಉಪ್ಪು ತರಲು ಅಂಗಡಿಗೆ ಓಡಿದ್ದ. ಲಿಯೆನ್ ಪಾತ್ರೆಯ ಒಂದು ಕಿವಿ ಹಿಡಿದು ಇನ್ನೊಂದಕ್ಕೆ ಯಾರಾದರೂ ಬರಲಿ ಎಂದು ನಿಂತಳು. ಹಸಿದ ಮೂವತ್ತು ಜನರ ಮುಂದೆ ಒಂದು ನಿಮಿಷವೂ ನಿಲ್ಲಲು ನನಗಾಗಲಿಲ್ಲ. ಇನ್ನೊಂದು ಕಿವಿಗೆ ನಾನೇ ಕೈ ಹಾಕಿದೆ. ಇಬ್ಬರಲ್ಲವೇ, ಅರ್ಧ ಭಾರ ತಾನೇ ಅಂದುಕೊಂಡೆ. ಅಡುಗೆಮನೆಯ ಮೆಟ್ಟಿಲು ಆಗಷ್ಟೇ ತೊಳೆದದ್ದು. ಲಿಯೆನ್‌ಳ ಚಪ್ಪಲಿ ಜಾರಿತು. ಬಿಸಿ ಸಾರು ಅವಳ ಕಡೆಗೆ ವಾಲಿತು. ನಾನು ಸೊಂಟ ತಿರುಚಿ ಇಡೀ ಪಾತ್ರೆಯನ್ನು ನನ್ನ ಕಡೆಗೆ ಎಳೆದು ಹಿಡಿದೆ. ಅವಳು ಕಾಲೂರಿ ನಿಂತಳು. ಪಾತ್ರೆ ಒಲೆ ಸೇರಿತು. ಯಾರಿಗೂ ಸುಡಲಿಲ್ಲ.

ಆಮೇಲೆ ನಾನು ಒಲೆಯ ಮುಂದೆ ಅಲುಗಾಡದೆ ನಿಂತೆ. ಮಿಂಚು ಕಂಡ ಮೇಲೆ ಗುಡುಗಿಗೆ ಕಾಯುವ ಹಾಗೆ ಎಡಗಾಲಿನೊಳಗೆ ಆ ಕರೆಂಟಿಗೆ ಕಾದೆ. ಡಾಕ್ಟರು ಏನು ಮಾಡಬಾರದು ಅಂದಿದ್ದರೋ ಅದನ್ನೇ, ಅದೂ ತಿರುಚಿಕೊಂಡು ಮಾಡಿದ್ದೆ. ಪಾತ್ರೆ ಕೇಳಿದ್ದ ತೀರ್ಥಹಳ್ಳಿಯವರು ಅವನ್ನೆಲ್ಲ ಗಾಡಿಗೆ ತುಂಬುತ್ತಿರುವುದು ಕಣ್ಣಿಗೆ ಕಟ್ಟಿತು. ಮಾಲತಿ ಒಳಗೆ ಬಂದವಳು ನನ್ನ ಮುಖ ನೋಡಿದಳು.

"ಎಂತ ಆತು ಅತ್ತಿಗೆ?"

"ಎಂತದೂ ಇಲ್ಲೆ. ಮೆಣಸು ಹುರಿ."

ಮೆಣಸು, ಎಳ್ಳು ಹುರಿದು, ಕಾಯಿ ಹಾಕಿ ರುಬ್ಬಿ, ಅನಾನಸು ಬೇಯಿಸಿ ಸೇರಿಸಿದೆವು. ಈ ಸಲ ನೈವೇದ್ಯ ಆಗಿಹೋಗಿದ್ದರಿಂದ ರುಚಿ ನೋಡಿಯೇ ಉಪ್ಪು ಹಾಕಿದೆ. ಗೌಡರು ಮೂರು ಸಲ ಹಾಕಿಸಿಕೊಂಡು, "ನಾಳೆನೂ ಮರ್ತು ಸಕ್ರೆ ಹಾಕಿ ಮಾರಾಯ್ರೆ" ಅಂದರು. ಲಿಯೆನ್ ಒಂದು ಡಬ್ಬಿ ತುಂಬ ತೆಗೆದಿಟ್ಟುಕೊಂಡಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಭಯವಾಗುತ್ತಿತ್ತು.

ನಿನ್ ಬಿನ್: ಹೊಳೆ

ಮರುದಿನ ಎಲ್ಲರನ್ನೂ ದೋಣಿಯಲ್ಲಿ ಕರೆದೊಯ್ದರು. ಇಲ್ಲಿಯ ಹೆಂಗಸರು ದೋಣಿಯ ಹುಟ್ಟನ್ನು ಕಾಲಿನಲ್ಲಿ ಹಾಕುತ್ತಾರೆ. ಹಿಂದಕ್ಕೆ ಒರಗಿ ಆರಾಮ ಕುರ್ಚಿಯಲ್ಲಿ ಕೂತಂತೆ ಕೂತು, ಪಾದಗಳಲ್ಲಿ ಹುಟ್ಟಿನ ಹಿಡಿ ಒತ್ತುತ್ತ ಹೋಗುತ್ತಾರೆ. ಕೈ ಎರಡೂ ಖಾಲಿ. ನಮ್ಮ ದೋಣಿಯವಳು ಕಾಲಲ್ಲಿ ಹುಟ್ಟು ಹಾಕುತ್ತ ಕೈಯಲ್ಲಿ ಕಿತ್ತಳೆ ಸುಲಿದು ತಿಂದಳು, ಮಗಳಿಗೋ ಯಾರಿಗೋ ಫೋನ್ ಮಾಡಿ ಜಗಳವನ್ನೂ ಆಡಿದಳು. ಬೆನ್ನು ಉಳಿಸುವ ಉಪಾಯವನ್ನು ಇವರು ಯಾವ ಡಾಕ್ಟರನ್ನೂ ಕೇಳದೆ ಕಂಡುಕೊಂಡಿದ್ದಾರೆ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ತವರು ನಮ್ಮೂರ ಹಿನ್ನೀರಿನಾಚೆಯ ತುಮರಿ. ಹುಟ್ಟಿದಾಗಿನಿಂದ ಹೊಳೆಬಾಗಿಲಿನ ದಡದಲ್ಲಿ ಲಾಂಚಿಗೆ ಕಾದು ಬೆಳೆದವಳು ನಾನು. ಲಾಂಚಿನಲ್ಲಿ ಬಸ್ಸು, ಜೀಪು, ಸಿಗಂದೂರಿಗೆ ಹೊರಟವರು, ಎಲ್ಲರ ನಡುವೆ ನಿಂತೇ ಹೊಳೆ ದಾಟುತ್ತಿದ್ದೆವು. ಈಗ ಅಲ್ಲಿ ಸೇತುವೆ ಆಗಿ ಎಲ್ಲರೂ ಭರ್ರನೆ ಓಡಾಡುತ್ತಿದ್ದಾರೆ, ನಾನು ಮಾತ್ರ ಅದರ ಮೇಲೆ ಹೋಗಿಲ್ಲ. ಅದೇ ದಡದ ಬ್ಯಾಕೋಡಿನ ಚಿಕ್ಕಮ್ಮನ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ಕಾರಿನಲ್ಲಿ ಅಷ್ಟು ಹೊತ್ತು ಕೂರಲಾರದ ಕಾಲವದು. ಹೋಗದ್ದಕ್ಕೆ ತವರಿನವರು ಬೇಜಾರು ಮಾಡಿಕೊಂಡಿದ್ದರು. ಈಗ ನೋಡಿದರೆ ಯಾವುದೋ ದೇಶದ ಹೊಳೆಯಲ್ಲಿ ಹಲಗೆಯ ಮೇಲೆ ಕೂತು ಗುಹೆಯೊಳಗೆ ತೂರಿ ಹೋಗುತ್ತಿದ್ದೇನೆ.

ಆದರೆ ಸುಖವಾಗಿ ನೋಡಿದೆ ಎಂದರೆ ಸುಳ್ಳಾದೀತು. ಕಣ್ಣು ಗುಡ್ಡದ ಮೇಲಿದ್ದರೂ ಗಮನವೆಲ್ಲ ಎಡಗಾಲಿನಲ್ಲಿ. ಬೆರಳು ಮಡಚಿದೆ, ಬಿಡಿಸಿದೆ. ಪಾದ ತಣ್ಣಗಿದೆಯಾ ಬಿಸಿಯಾಗಿದೆಯಾ ಎಂದು ಮುಟ್ಟಿ ನೋಡಿಕೊಂಡೆ. ಸೊಂಟ ಬಿಗಿದಿತ್ತು. ಅದು ಬರಲಿರುವ ನೋವಿನ ಮುನ್ಸೂಚನೆಯೋ ಏನೋ ತಿಳಿಯಲಿಲ್ಲ. ನೋವನ್ನು ಬಹಳ ಕಾಲ ಕಂಡವರಿಗೆ ನೋವಿಲ್ಲದ ಹೊತ್ತೂ ಅನುಮಾನದ್ದೇ. ಮಾಲತಿ ಎದುರಿಗೆ ಕೂತು ಹೊಳೆ ನೋಡುವುದು ಬಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದಳು. ಪಾತ್ರೆಯ ಸುದ್ದಿಯನ್ನು ಲಿಯೆನ್ ಮೊಬೈಲಿನ ಮೂಲಕ ಅವಳಿಗೆ ಹೇಳಿಬಿಟ್ಟಿದ್ದಳು ಎಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಗುಡ್ಡ ಹತ್ತುವ ಕಾರ್ಯಕ್ರಮ. ತುದಿಯವರೆಗೂ ಕಲ್ಲಿನ ಮೆಟ್ಟಿಲು. ನಾನು ಕೆಳಗೇ ಇರುತ್ತೇನೆ ಅಂದಿದ್ದೆ. ಆಮೇಲೆ ಮನಸ್ಸು ತಡೆಯಲಿಲ್ಲ. ಬರುವುದಿದ್ದರೆ ಬಂದುಬಿಡಲಿ, ಹೀಗೆ ಕಾಯುತ್ತ ಕೂರುವುದು ಸಾಕು ಅನ್ನಿಸಿತು. ಭಾರ ಎತ್ತಬಾರದು ಅಂದಿದ್ದರು, ನಡೆಯಬಾರದು ಅಂದಿರಲಿಲ್ಲ. ನಿಧಾನಕ್ಕೆ, ಅಲ್ಲಲ್ಲಿ ನಿಂತು ಅರ್ಧ ಗುಡ್ಡ ಹತ್ತಿದೆ. ಅರ್ಧಕ್ಕೇ ನಿಂತದ್ದು ಕಾಲಿನ ದೆಸೆಯಿಂದಲ್ಲ, ಉಬ್ಬಸದಿಂದ. ಮಾಲತಿಯೂ ಅಲ್ಲೇ ಕೂತಳು. ಕೆಳಗೆ ಗದ್ದೆ, ಹೊಳೆ, ಇರುವೆಯಂಥ ದೋಣಿಗಳು.

ಹಿಂದಿರುಗುವ ಬಸ್ಸು

ಮರುದಿನ ವಿಮಾನಕ್ಕೆಂದು ಹನೋಯಿಗೆ ಹೊರಟೆವು. ಬಸ್ಸು ಹತ್ತುವಾಗ ಲಿಯೆನ್ ನನ್ನ ಎರಡೂ ಕೈ ಹಿಡಿದು ಮೊಬೈಲಿಲ್ಲದೆಯೇ ಏನೋ ಹೇಳಿದಳು. ನಾನೂ ಕನ್ನಡದಲ್ಲೇ ಬರ್ತೀನಿ ಅಂದೆ.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಹಿಂದಿನಿಂದ ನಾಗೇಶ ಗೌಡರ ದನಿ ಬಂತು. "ಅಯ್ಯಪ್ಪಾ, ಬೆನ್ನು ಮುರ್ದೋಯ್ತು. ಆ ಗುಡ್ಡ ಹತ್ಸಿದ್ದು ಯಾವನು?" ಲೀಲಮ್ಮ, "ನಂಗೂ ಸೊಂಟ ಹಿಡ್ಕಂಡಿದೆ, ನೀವೊಬ್ರೇ ಕೂಗ್ಬೇಡಿ" ಅಂದರು. ಅಲ್ಲಿಂದ ಒಬ್ಬೊಬ್ಬರಾಗಿ ಶುರುವಾಯಿತು. ಒಬ್ಬರಿಗೆ ಮಂಡಿ, ಒಬ್ಬರಿಗೆ ಪಕ್ಕೆ, ಉಳಿದವರಿಗೆಲ್ಲ ಬೆನ್ನು. ಶ್ರೀಧರ ಕೂಡ ಸೀಟಿನಲ್ಲಿ ವಾರೆಯಾಗಿ ಕೂತಿದ್ದ.

ಆಗ ನನಗೆ ಅರಿವಾಯಿತು, ನನಗೂ ಬೆನ್ನು ನೋಯುತ್ತಿದೆ ಎಂದು. ಬೆಳಿಗ್ಗೆ ಎದ್ದಾಗಿನಿಂದಲೂ ನೋಯುತ್ತಿತ್ತು. ಹೆದರಿಕೆಯಲ್ಲಿ ಅದನ್ನು ಬಿಚ್ಚಿ ನೋಡಲು ಧೈರ್ಯ ಬಂದಿರಲಿಲ್ಲ. ಈಗ ಕಣ್ಣು ಮುಚ್ಚಿ, ಮಂಗಳೂರಿನ ಡಾಕ್ಟರು ನನ್ನಿಂದ ಕೇಳಿ ಕೇಳಿ ಜಾಗ ಹುಡುಕಿದ ಹಾಗೆ ನಾನೇ ಹುಡುಕಿದೆ. ಎಲ್ಲಿದೆ? ಸೊಂಟದ ಮೇಲೆ, ನಡು ಬೆನ್ನಿನಲ್ಲಿ. ಎರಡೂ ಕಡೆ ಸಮನಾಗಿ. ಜಡ್ಡುಗಟ್ಟಿದಂತೆ, ಮಂದವಾಗಿ. ತೊಡೆಗೆ ಇಳಿದಿಲ್ಲ. ಮೀನಖಂಡದಲ್ಲಿ ಏನೂ ಇಲ್ಲ, ಹೆಬ್ಬೆರಳಿನಲ್ಲಿ ಏನೂ ಇಲ್ಲ.

"ಮಾಲತಿ, ಬೆನ್ನು ನೋಯ್ತಾ ಇದ್ದು" ಅಂದೆ.

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. "ಎಲ್ಲಿ?"

ತೋರಿಸಿದೆ.

"ಕಾಲಿಗೆ ಇಳಿತಾ?"

"ಇಲ್ಲೆ."

"ಉರಿ? ಕರೆಂಟು?"

"ಎಂತದೂ ಇಲ್ಲೆ ಮಾರಾಯ್ತಿ. ಬರೀ ನೋವು."

ಅವಳು ತನ್ನ ನಡುವಿನ ಮೇಲೆ ಅದೇ ಜಾಗದಲ್ಲಿ ಕೈ ಇಟ್ಟುಕೊಂಡು, "ಇದು ಎಂಗೂ ಇದ್ದು ಅತ್ತಿಗೆ" ಅಂದಳು. ತನಗೂ ಅದೇ ನೋವಿದೆ ಎಂದು ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ನನಗೂ ತಡೆಯಲಾಗಲಿಲ್ಲ. ಬೆನ್ನು ನೋಯುತ್ತಿದೆ ಎಂದು ಇಬ್ಬರು ಹೆಂಗಸರು ಹೀಗೆ ಅಳುತ್ತ ನಗುವುದನ್ನು ನೋಡಿ ಶ್ರೀಧರ ಎದ್ದು ಬಂದ. ಅವನಿಗೆ ನೋವಿನ ವಿಷಯವನ್ನೂ ನಾನು ಎಳೆದಿದ್ದ ಗೆರೆಯನ್ನೂ ಹೇಳಿದೆ. ಮದುವೆಯವರು ಅವನ ಊರಿನವರೇ.

"ಹಂಗಾದ್ರೆ ಹೊಸನಗರದ ಮದುವೆಯೋರಿಗೆ ಏನು ಹೇಳ್ಲಿ ಅಕ್ಕಾ?"

"ಒಪ್ಪಿದೆ ಅಂತ ಹೇಳು. ಪಾತ್ರೆ ಎತ್ತಕ್ಕೆ ಇಬ್ರು ಗಟ್ಟಿ ಗಂಡಸರನ್ನ ಅವರೇ ಕೊಡಬೇಕು ಅಂತನೂ ಹೇಳು."

ನಾಳೆ ಆ ಕರೆಂಟು ಮರಳಿ ಬರಬಹುದು. ಬಂದರೆ ಮತ್ತೆ ಮಂಗಳೂರಿಗೆ ಹೋಗಿ, ಬೋರಲು ಮಲಗಿ, ಎಲ್ಲಿ ಎಂದು ಹೇಳುತ್ತೇನೆ. ಅದರ ಚಿಂತೆ ಆ ಬಸ್ಸಿನಲ್ಲಿ ನನಗಿರಲಿಲ್ಲ. ಲೀಲಮ್ಮ ಚೀಲದಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ಗಂಡನಿಗೆ ಕೊಟ್ಟರು. ಗೌಡರು ತಿಕ್ಕಿಕೊಂಡು ಮುಂದಿನ ಸೀಟಿಗೆ ದಾಟಿಸಿದರು. ಡಬ್ಬಿ ಸೀಟಿನಿಂದ ಸೀಟಿಗೆ ಬಂತು, ಬಸ್ಸು ತುಂಬ ಪುದೀನದಂಥ ಘಮ ಹರಡಿತು. ಎರಡು ವರ್ಷ ಯಾರಾದರೂ ಮುಲಾಮು ಹಚ್ಚಿಕೊಳ್ಳಿ ಅಂದರೆ ಮೈ ಉರಿಯುತ್ತಿತ್ತು, ನನ್ನ ನೋವೆಲ್ಲಿ ಇವರ ಮುಲಾಮೆಲ್ಲಿ ಎಂದು. ಮಾಲತಿ ಹಚ್ಚಿಕೊಂಡು ಡಬ್ಬಿಯನ್ನು ನನ್ನ ಕಡೆ ಚಾಚಿದಳು. ನಾನೂ ಎಲ್ಲರ ಹಾಗೆ ಒಂದು ಬೆರಳು ಅದ್ದಿ, ಬೆನ್ನಿಗೆ ಹಚ್ಚಿಕೊಂಡು, ಮುಂದಿನವರಿಗೆ ಕೊಟ್ಟೆ.